ಗಾಯವಾಗದ ಬಂಡೆಪ್ಪ

ಹುನಗುಂದದ ಅಂದಪ್ಪ ಮಾಸ್ತರನ ಮಹಡಿಯ ಮೇಲೆ ಪ್ರತಿ ರವಿವಾರ ಮಧ್ಯಾಹ್ನ ಜೂಜು ನಡೆಯುತ್ತದೆಂದು ಓಣಿಯಲ್ಲೆಲ್ಲ ಗುಸುಗುಸು. ಎದುರುಮನೆಯ ಮುದಕಪ್ಪ ಒಂದು ದಿನ ತಡೆಯಲಾರದೆ ಮೆಟ್ಟಿಲೇರಿ ಬಂದೇಬಿಟ್ಟ. ಬಂದು ನೋಡಿದರೆ ರೊಕ್ಕವಿಲ್ಲ, ಇಸ್ಪೀಟೂ ಇಲ್ಲ. ಜಮಖಾನೆಯ ಮೇಲೆ ನಾಲ್ಕು ಜನ ಕೂತು, ಎಲ್ಲಿಯೂ ಇಲ್ಲದ ಒಂದು ಕೋಟೆಯ ಬಾಗಿಲನ್ನು ಒಡೆಯಬೇಕೋ ಕದ್ದು ತೆಗೆಯಬೇಕೋ ಎಂದು ಕೊರಳಿನ ನರ ಉಬ್ಬಿಸಿಕೊಂಡು ಜಗಳಾಡುತ್ತಿದ್ದರು.

"ಗೆದ್ದವ್ರಿಗೆ ಏನ್ ಸಿಗತೈತ್ರಿ ಮಾಸ್ತರ?" ಎಂದು ಕೇಳಿದ ಮುದಕಪ್ಪ.

"ಏನೂ ಸಿಗಂಗಿಲ್ಲ."

"ಸೋತವ್ರು ಏನ್ ಕೊಡಬೇಕು?"

"ಏನೂ ಕೊಡಂಗಿಲ್ಲ."

"ಹಂಗಾದ್ರ ಇದಕ್ಕಿಂತಾ ಜೂಜ ಪಾಡ," ಎಂದು ಅವನು ಇಳಿದು ಹೋದ.

ಮುದಕಪ್ಪನಿಗೆ ತಿಳಿಯದಿದ್ದರೆ ತಪ್ಪೇನಿಲ್ಲ, ಆಟವೇ ಹಾಗಿತ್ತು. ಆಡುವವರು ಒಬ್ಬೊಬ್ಬರು ಒಂದೊಂದು ಪಾತ್ರ ಕಟ್ಟಿಕೊಂಡು ಅದರ ಬಾಯಿಂದ ಮಾತಾಡಬೇಕು. ಅಂದಪ್ಪನಿಗೆ ಮಾತ್ರ ಪಾತ್ರವಿಲ್ಲ. ಅವನು ಆಟ ನಡೆಸುವವನು. ನಾಡು, ನದಿ, ಬಿಸಿಲು, ರಾಜ, ರಾಕ್ಷಸ, ಸಂತೆಯಲ್ಲಿ ಬದನೆಕಾಯಿ ಮಾರುವ ಮುದುಕಿ, ಎಲ್ಲ ಅವನೇ. ಒಂದು ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸುವುದು. ಹತ್ತು ಮತ್ತು ಅದರ ಮೇಲೆ ಬಿದ್ದರೆ ಆಯಿತು, ಕೆಳಗೆ ಬಿದ್ದರೆ ಕೆಟ್ಟಿತು. ಯಾವುದಾದರೂ ಪಾತ್ರ ಸಾಯುವ ಗಳಿಗೆ ಬಂದರೆ ಮಾತ್ರ ದಾಳವನ್ನು ಅಂದಪ್ಪನೇ ಮರೆಯಲ್ಲಿ ಉರುಳಿಸಿ, ಬಿದ್ದದ್ದನ್ನು ಬಾಯಲ್ಲಿ ಹೇಳುತ್ತಿದ್ದ. ಮರೆ ಎಂದರೆ ಸೀರೆಯ ರಟ್ಟಿನ ಡಬ್ಬಿಯ ಒಂದು ಮುಚ್ಚಳ.

ಆ ಮುಚ್ಚಳ ತಂದವಳು ಕಸ್ತೂರಿ. ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ದಿನವೆಲ್ಲ ಗಿರಾಕಿಗಳು ಬಿಚ್ಚಿಸಿ ಬಿಟ್ಟುಹೋದ ಸೀರೆ ಮಡಚುವ ಕೆಲಸ ಅವಳದು. ಆಟದಲ್ಲಿ ಅವಳು ಚಿನ್ನವ್ವ ಎಂಬ ಕಳ್ಳಿ. ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡ ಅಶ್ಫಾಕ ಒಬ್ಬ ಗಾರುಡಿಗ, ಬೆಂಕಿಯ ಮಂತ್ರ ಬಲ್ಲವನು. ಲಾಕ್‌ಡೌನಿನಲ್ಲಿ ಮೊಬೈಲಿನಲ್ಲಿ ಈ ಆಟ ನೋಡಿ, ನಿಯಮಗಳನ್ನು ಛಾಪಿಸಿ ತಂದು ಮಾಸ್ತರನ ತಲೆಗೆ ಹುಳ ಬಿಟ್ಟವನೂ ಅವನೇ. ಮೂರನೆಯವನು ಯಮನೂರ. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಮಾಡುವ ಕಾರಖಾನೆಯೊಂದರಲ್ಲಿ ದುಡಿಯುತ್ತಿದ್ದ ಹುಡುಗ, ಹೈಸ್ಕೂಲಿನಲ್ಲಿ ಅಂದಪ್ಪನ ಶಿಷ್ಯ. ಅವನ ಪಾತ್ರದ ಹೆಸರು ಬಂಡೆಪ್ಪ.

ಬಂಡೆಪ್ಪ ಹುಟ್ಟಿದ್ದು ಬದಾಮಿಯಲ್ಲಿ. ಒಮ್ಮೆ ನಾಲ್ವರೂ ಕೋಟೆ ನೋಡಲು ಹೋಗಿದ್ದರು. ಕಲ್ಲಿನ ಸಂದಿಯ ಇಕ್ಕಟ್ಟು ಮೆಟ್ಟಿಲುಗಳನ್ನು ನೋಡಿ ಅಂದಪ್ಪ ಇಲ್ಲಿ ಹತ್ತು ಮಂದಿ ವೈರಿಗಳನ್ನು ನಿಲ್ಲಿಸಬಹುದೆಂದು ಲೆಕ್ಕ ಹಾಕುತ್ತಿದ್ದರೆ, ಅಶ್ಫಾಕನ ಕೈಯ ಭಜಿ ಪೊಟ್ಟಣವನ್ನು ಮಂಗ ಕಿತ್ತುಕೊಂಡು ಹೋಯಿತು. ಯಮನೂರ ಮಾತ್ರ ಕೆಂಪು ಬಂಡೆಗೆ ಬಲಗೈಯ ಐದೂ ಬೆರಳು ಒತ್ತಿ ನಿಂತುಬಿಟ್ಟಿದ್ದ. "ಸರ, ನನ್ನ ಮನಶ್ಯಾ ಇದರಾಗಿಂದ ಹೊರಗ ಬಂದಾನ್ರಿ," ಎಂದ. ಅಂದಿನಿಂದ ಬಂಡೆಪ್ಪ ಪ್ರತಿ ರವಿವಾರ ಎಲ್ಲಿಯಾದರೂ ಏಟು ತಿನ್ನುತ್ತಿದ್ದ. ಎಡಭುಜಕ್ಕೆ ಬಾಣ, ತೊಡೆಗೆ ಹಂದಿಯ ಕೋರೆ, ಕಿವಿಯ ತುದಿ ಒಬ್ಬ ಕುಡುಕ ಸೈನಿಕನ ಕತ್ತಿಗೆ. ಆ ಗಾಯಗಳ ಪಟ್ಟಿಯನ್ನು ಯಮನೂರ ಸಾಲಿಯ ಮಗ್ಗಿಯಂತೆ ಒಪ್ಪಿಸುತ್ತಿದ್ದ, ಕೇಳಿದರೂ ಕೇಳದಿದ್ದರೂ.

ಹೋದ ವರ್ಷ ಪಾಲಿಶ್ ಮಶೀನು ಯಮನೂರನ ಬಲಗೈಯ ಮೂರು ಬೆರಳು ತೆಗೆದುಕೊಂಡಿತು.

ಬಾಗಲಕೋಟೆಯ ದವಾಖಾನೆಗೆ ಅಂದಪ್ಪ ನೋಡಲು ಹೋದಾಗ ಹುಡುಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮನೆಗೆ ಬಂದ ಮೇಲೂ ಹಾಗೆಯೇ ಮಲಗಿದ. ಎರಡು ತಿಂಗಳಾದ ಮೇಲೆ ಅಂದಪ್ಪ ಇಳಕಲ್ಲಿಗೆ ಹೋಗಿ, ಗದರಿಸಿ, ಗೋಗರೆದು ಅವನನ್ನು ಆಟಕ್ಕೆ ಕರೆತಂದ. ಹೊಸ್ತಿಲಲ್ಲಿ ಯಮನೂರನ ತಾಯಿ ಇಂದ್ರವ್ವ ಮಾಸ್ತರನ ಕೈ ಹಿಡಿದುಕೊಂಡಳು.

"ಬನೀನಿನ ಮ್ಯಾಲ ಕುಂತಂವ ಎರಡ ತಿಂಗಳಿಗೆ ಇವತ್ತ ಅಂಗಿ ಹಾಕ್ಕೊಂಡಾನ್ರಿ. ನಿಮ್ಮ ಆಟ ಏನ ಐತೋ ನನಗ ತಿಳಿಯಂಗಿಲ್ಲ. ಅದೊಂದ ಬಂದ್ ಮಾಡಬ್ಯಾಡ್ರಿ."

"ಇಲ್ಲವ್ವಾ, ಬಂದ್ ಮಾಡಂಗಿಲ್ಲ," ಎಂದು ಅಂದಪ್ಪ ಮಾತು ಕೊಟ್ಟ. ಮಾತು ಕೊಡುವುದರಲ್ಲಿ ಅವನ ಕೈ ಯಾವಾಗಲೂ ದೊಡ್ಡದು. ಬಸ್ಸಿನಲ್ಲಿ ಪಕ್ಕ ಕೂತ ಹುಡುಗ ಬಲಗೈಯನ್ನು ಟಾವೆಲ್ಲಿನಲ್ಲಿ ಸುತ್ತಿ ತೊಡೆಯ ಸಂದಿಯಲ್ಲಿ ಬಚ್ಚಿಟ್ಟುಕೊಂಡಿದ್ದನ್ನು ಮಾಸ್ತರ ದಾರಿಯುದ್ದಕ್ಕೂ ನೋಡಿದ. ಹುನಗುಂದ ಬರುವುದರೊಳಗೆ ಇವನಿಗೆ ಏನು ಕೊಡಬೇಕೆಂಬುದನ್ನು ನಿರ್ಧರಿಸಿಬಿಟ್ಟಿದ್ದ.

ಅಂದಿನ ಆಟದಲ್ಲಿ ಬಂಡೆಪ್ಪ ಗವಿಯೊಳಗಿನ ಹೊಂಡದಲ್ಲಿ ಮುಳುಗಿ ಎದ್ದ. ನೀರೊಳಗಿನ ದೇವಿ ಮಾತಾಡಿದಳು, ಅಂದರೆ ಅಂದಪ್ಪನೇ ಧ್ವನಿ ತೆಗೆದು ಮಾತಾಡಿದ: "ಇಂದಿನಿಂದ ಯಾವ ಆಯುಧವೂ ನಿನ್ನ ಚರ್ಮ ಹರಿಯದು. ನಿನಗೆ ಗಾಯವೆಂಬುದಿಲ್ಲ."

ಕಸ್ತೂರಿಯ ಕಣ್ಣು ತುಂಬಿತು. ಅಶ್ಫಾಕ "ವಾಹ್" ಎಂದ. ಯಮನೂರ ಬಹಳ ಹೊತ್ತು ಸುಮ್ಮನಿದ್ದು "ಹೂಂ ಸರ" ಎಂದ. ಕೊಟ್ಟವರಿಗೆ ಇಸಿದುಕೊಂಡವರ ಮೌನ ಕೃತಜ್ಞತೆಯಂತೆಯೇ ಕೇಳಿಸುತ್ತದೆ. ಅಂದಪ್ಪನಿಗೂ ಹಾಗೆಯೇ ಕೇಳಿಸಿತು.

ಆಟ ಮುಗಿದ ಮೇಲೆ ಊಟ. ಅಂದಪ್ಪನ ಹೆಂಡತಿ ಜಯಶ್ರೀ ಯಮನೂರ ಬಂದನೆಂದು ಹೋಳಿಗೆ ಮಾಡಿದ್ದಳು. ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ 'ಸಾಕು' ಎನ್ನುವುದು ಬರೀ ಮರ್ಯಾದೆಗೆ. ಸಾಕೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದವರಿಗೆ, ಆ ಕೈ ಸರಿಸಿ ಇನ್ನೊಂದು ನೀಡದಿದ್ದರೆ ಉಂಡವರಿಗೂ ಸಮಾಧಾನವಿಲ್ಲ, ನೀಡಿದವರಿಗೂ ಇಲ್ಲ. ಯಮನೂರ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದವನು, ಮೂರನೆಯ ಹೋಳಿಗೆಗೆ "ಸಾಕ್ರಿ ಸರ, ಖರೇನ ಸಾಕು" ಎಂದು ಬಲಗೈ ಅಡ್ಡ ಹಿಡಿದ. ಅಂದಪ್ಪ "ಏ ಸುಮ್ನಿರಲೇ" ಎಂದು ಕೈಯ ಬದಿಯಿಂದ ಹೋಳಿಗೆ ಹಾಕಿ ತುಪ್ಪ ಬಿಟ್ಟೇಬಿಟ್ಟ. ಬೆರಳಿಲ್ಲದ ಸಂದಿಯಿಂದ ತುಪ್ಪ ತಾಟಿಗೆ ಇಳಿಯಿತು. ಯಮನೂರ ಕೈ ಹಿಂದಕ್ಕೆ ತೆಗೆದುಕೊಂಡು, ನೀಡಿದ್ದನ್ನೆಲ್ಲ ತಲೆತಗ್ಗಿಸಿ ಉಂಡ.

ಮುಂದಿನ ನಾಲ್ಕಾರು ವಾರ ಮಜವಾಗಿ ಹೋದವು. ಬಾಣದ ಮಳೆಯಲ್ಲಿ ಬಂಡೆಪ್ಪ ಮದುಮಗನಂತೆ ನಡೆದು ಬರುವುದು, ವೈರಿಗಳ ಕತ್ತಿ ಮುರಿಯುವುದು, ಎಲ್ಲರಿಗೂ ಚಪ್ಪಾಳೆ ಹೊಡೆಯುವಂತಿತ್ತು. ಆಮೇಲೆ ಚಪ್ಪಾಳೆ ಕಡಿಮೆಯಾಯಿತು. ಎಂಥ ಕಾಳಗ ಬಂದರೂ "ಬಂಡೆಪ್ಪ ಮುಂದ ಹೋಗಲಿ" ಎಂಬುದೊಂದೇ ಉಪಾಯ. ಒಂದು ದಿನ ಕಸ್ತೂರಿ ಬಾಯಿಬಿಟ್ಟಳು.

"ಸರ, ಅಂವ ಇರೂತನಕ ನಮ್ಮದೇನ ಕೆಲಸ್ರಿ? ನನ್ನ ಚಿನ್ನವ್ವ ಎರಡ ವಾರದಿಂದ ಒಂದ ಕೀಲಿ ತಗದಿಲ್ಲ. ಬಾಗಲಾನ ಅಂವ ಒದ್ದ ಮುರಿತಾನ."

"ನಾವು ಬರೇ ಬೀಗರ ಮಂದಿ," ಎಂದ ಅಶ್ಫಾಕ. "ಉಣ್ಣೂದು, ಮದುವಿ ನೋಡೂದು, ಮನಿಗೆ ಹೋಗೂದು."

ಇಲ್ಲಿ ಅಂದಪ್ಪ ಮಾಡಿದ ತಪ್ಪನ್ನು ಬೇರೆ ಊರಿನ, ಬೇರೆ ಮನೆತನದ ಮನುಷ್ಯ ಮಾಡುತ್ತಿರಲಿಲ್ಲ. ಅವನ ಊರು ಕೂಡಲಸಂಗಮದ ಹತ್ತಿರ. ಅವನಪ್ಪ ಮಠದ ದಾಸೋಹದಲ್ಲಿ ನೀಡುವ ಸೇವೆಯವನು. ಹುಡುಗನಾಗಿದ್ದಾಗ ಅಂದಪ್ಪ ಸಾಲಿನಲ್ಲಿ ಕೂತ ತನ್ನ ಗೆಳೆಯನೊಬ್ಬನಿಗೆ ಕಣ್ಣುತಪ್ಪಿಸಿ ಒಂದು ಉಂಡಿ ಹೆಚ್ಚು ಹಾಕಿದ್ದ. ಅಪ್ಪ ಹೊಡೆಯಲಿಲ್ಲ. ಉಂಡಿಯ ಬುಟ್ಟಿ ಕೈಗೆ ಕೊಟ್ಟು, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಕೂತವರಿಗೆಲ್ಲ ಒಂದೊಂದು ಉಂಡಿ ಮತ್ತೆ ನೀಡಿಸಿದ. "ಸಾಲಿನ್ಯಾಗ ಒಬ್ಬಗ ನೀಡಿದ್ರ ಸಾಲಿಗೆಲ್ಲಾ ನೀಡಬೇಕು. ಒಬ್ಬನ ಎಲಿಯಾಗಿಂದ ಕಸಗೊಳ್ಳಾಕ ಬರಂಗಿಲ್ಲ." ನೀಡಿದ್ದನ್ನು ಎಲೆಯಿಂದ ಎತ್ತುವುದು ಅಂದಪ್ಪನ ರಕ್ತದಲ್ಲಿಯೇ ಇರಲಿಲ್ಲ. ಉಳಿದದ್ದು ಒಂದೇ ದಾರಿ. ಅದೇ ವಾರ ಚಿನ್ನವ್ವನಿಗೆ ಬೇಕೆಂದಾಗ ಮಾಯವಾಗುವ ಶಕ್ತಿ ಬಂತು. ಗಾರುಡಿಗನ ಬೆಂಕಿಗೆ ಇದ್ದ ಮಿತಿಯೆಲ್ಲ ಹೋಯಿತು.

ಸಾಲು ಸಮನಾಯಿತು, ಆಟ ಸತ್ತಿತು. ಕಾಣದ ಕಳ್ಳಿ, ಆರದ ಬೆಂಕಿ, ಗಾಯವಾಗದ ವೀರ. ಮೂವರೂ ಕೂಡಿ ಬಂದರೆ ಯಾವ ವೈರಿ ನಿಂತಾನು? ಅಂದಪ್ಪ ರಾಕ್ಷಸರನ್ನು ದೊಡ್ಡವರನ್ನಾಗಿ ಮಾಡಿದ. ಅವರು ದೊಡ್ಡದಾಗಿಯೇ ಸತ್ತರು. ನೂರು ತಲೆಯ ಸರ್ಪವೊಂದನ್ನು ಅವನು ವಾರವಿಡೀ ಸಾಲಿಯಲ್ಲಿ ಪಾಠ ಮಾಡುತ್ತಲೇ ಕಟ್ಟಿದ್ದ. ಜಯಶ್ರೀ ಒಗ್ಗರಣಿ ಚುರಮರಿ ತಂದಿಡುವುದರೊಳಗೆ ಅದರ ಕಥೆ ಮುಗಿದಿತ್ತು. ದಾಳ ಜಮಖಾನೆಯ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಅನುಮಾನವೇ ಇಲ್ಲದ ಮೇಲೆ ದಾಳ ಯಾಕೆ? ಅಶ್ಫಾಕ ಮೊಬೈಲು ನೋಡತೊಡಗಿದ. ಕಸ್ತೂರಿ ಒಂದು ವಾರ ನೆಂಟರು ಬಂದರೆಂದಳು, ಇನ್ನೊಂದು ವಾರ ಬಸ್ಸು ಸಿಗಲಿಲ್ಲವೆಂದಳು. ಇಳಕಲ್ಲಿನಿಂದ ಹುನಗುಂದಕ್ಕೆ ಬಸ್ಸಿಲ್ಲವೆಂದರೆ ಎತ್ತೂ ನಕ್ಕೀತು.

ಅಂದಪ್ಪನಿಗೆ ನಿಜವಾಗಿ ಹೆದರಿಕೆಯಾಯಿತು. ಇವರಿಬ್ಬರು ಬಿಟ್ಟರೆ ಆಟವಿಲ್ಲ, ಆಟವಿಲ್ಲದಿದ್ದರೆ ಯಮನೂರ ಅಂಗಿ ಹಾಕುವುದಿಲ್ಲ. ಇಂದ್ರವ್ವ ಹಿಡಿದ ಕೈಯ ಬಿಸಿ ಇನ್ನೂ ಅಂಗೈಯಲ್ಲಿತ್ತು. ಇಂಥ ಆಟ ನಡೆಸುವವರು ಲೋಕದಲ್ಲಿ ಬೇರೆಯೂ ಇದ್ದಾರಲ್ಲ ಎಂದು ಅಶ್ಫಾಕನ ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಿದ. ಇದ್ದರು, ಸಾವಿರಾರು ಮಂದಿ. ಎಲ್ಲರಿಗೂ ಇದೇ ತಲೆನೋವು. ಒಂದು ಪಾತ್ರದ ಬಲ ಅತಿಯಾದರೆ ಅದನ್ನು ಹದಕ್ಕೆ ತರುವುದು ಹೇಗೆ? ಒಬ್ಬ ಬರೆದಿದ್ದ, ಆ ಬಲಕ್ಕೆ ಬೆಲೆ ಇಡು, ಬಳಸಿದಾಗಲೆಲ್ಲ ಏನಾದರೂ ಕಳೆದುಕೊಳ್ಳಲಿ. ಇನ್ನೊಬ್ಬ, ಆ ಬಲ ಉಪಯೋಗಕ್ಕೆ ಬಾರದ ಕಡೆ ಕರೆದೊಯ್ಯಿ. ಮತ್ತೊಬ್ಬ, ದಿನಕ್ಕೆ ಒಂದೇ ಸಲವೆಂದು ಮಿತಿ ಹಾಕು. ಎಲ್ಲರೂ ಕೊನೆಗೆ ಒಂದು ಮಾತು ಬರೆದಿದ್ದರು: ಮೊದಲು ಆ ಆಟಗಾರನನ್ನೇ ಕೂರಿಸಿ ಕೇಳು, ಅವನಿಗೆ ಏನು ಬೇಕೆಂದು. ಅಂದಪ್ಪ ಎಲ್ಲವನ್ನೂ ಮಾಡಿದ, ಅದೊಂದನ್ನು ಬಿಟ್ಟು. ಕೇಳುವುದೇನು ಬಂತು? ಅವನಿಗೆ ಏನು ಬೇಕೆಂಬುದು ಅವನ ಕೈ ನೋಡಿದರೆ ತಿಳಿಯುವುದಿಲ್ಲವೆ?

ಒಂದು ರವಿವಾರ ಬಂಡೆಪ್ಪನನ್ನು ನೀರಿಗೆ ಕೆಡವಿದ. ಮಲಪ್ರಭೆಯಂಥ ತುಂಬಿದ ಹೊಳೆ. ನೀರಿಗೆ ಚರ್ಮ ಹರಿಯಬೇಕಾಗಿಲ್ಲ, ಉಸಿರು ಕಟ್ಟಿದರೆ ಸಾಕು. "ನಿನ್ನ ಕಾಲಿಗೆ ಬಳ್ಳಿ ಸಿಕ್ಕಿದೆ. ಮೇಲೆ ಬರಲಾಗುತ್ತಿಲ್ಲ," ಎಂದ ಅಂದಪ್ಪ.

ಯಮನೂರ ತಟ್ಟನೆ ಮುಂದಕ್ಕೆ ಬಾಗಿದ. "ಉಸರ ಕಟ್ಟತೈತೇನ್ರಿ ಸರ?"

"ಹೌದು."

"ಸಾಯಬಹುದೇನ್ರಿ?"

ಅವನ ಕಣ್ಣು ಅರಳಿದ್ದವು, ದನಿ ನಡುಗುತ್ತಿತ್ತು. ಟಾವೆಲ್ಲಿನೊಳಗಿದ್ದ ಬಲಗೈ ತನಗರಿವಿಲ್ಲದೆ ಹೊರಗೆ ಬಂದು ದಾಳದ ಕಡೆ ಚಾಚಿತ್ತು. ಅಶ್ಫಾಕ ಮೊಬೈಲು ಕೆಳಗಿಟ್ಟ. ಎಷ್ಟೋ ವಾರಗಳ ಮೇಲೆ ಕಸ್ತೂರಿ ಉಸಿರು ಹಿಡಿದು ಕೂತಿದ್ದಳು. ಅಂದಪ್ಪ ನೋಡಿದ್ದು ಆ ಕೈಯನ್ನು ಮಾತ್ರ. ಅಯ್ಯೋ, ಹುಡುಗ ಹೆದರಿಬಿಟ್ಟ, ಮಶೀನು ನೆನಪಾಯಿತೇನೋ, ನಾನೆಂಥ ಪಾಪಿ ಎಂದುಕೊಂಡ. "ಅಷ್ಟರಲ್ಲಿ ಹೊಳೆ ಇಳಿಯಿತು. ನಿನ್ನ ಕಾಲು ನೆಲಕ್ಕೆ ಹತ್ತಿತು," ಎಂದು ಅವಸರದಲ್ಲಿ ಹೇಳಿದ.

ಯಮನೂರ ಹಿಂದಕ್ಕೆ ಸರಿದು ಗೋಡೆಗೆ ಆತುಕೊಂಡ. "ಹೂಂ ಸರ," ಎಂದ.

ಮೆಟ್ಟಿಲಿಳಿಯುವಾಗ ಕಸ್ತೂರಿ ಹಿಂದುಳಿದು ಮಾಸ್ತರನಿಗೆ ಹೇಳಿದಳು: "ಸರ, ನೀವು ಒಮ್ಮೆ ಅವನ ಕೂಡ ಮಾತಾಡ್ರಿ. ಅಂವ ಬರತಾನ, ಹೂಂ ಅಂತಾನ, ಹೋಗತಾನ. ಬಸ್ಸಿನ್ಯಾಗ ನನ್ನ ಬಾಜೂಕ ಕುಂತ್ರೂ ಒಂದ ಮಾತ ಆಡಂಗಿಲ್ಲ. ಮೊದಲ ಆ ಬಂಡೆಪ್ಪನ ಗಾಯಾ ಕೇಳಿ ಕೇಳಿ ಕಿವಿ ತೂತ ಬಿದ್ದಿದ್ವು."

ಅಂದಪ್ಪ ಮಾತಾಡಲಿಲ್ಲ. ಮಾತಾಡುವ ಬದಲು ವಾರವಿಡೀ ಯೋಚಿಸಿ, ಸಾಲಿನವರಿಗೆಲ್ಲ ಸಮನಾಗಿ ನೀಡಿದ್ದನ್ನು ಸಾಲಿನವರೆಲ್ಲರಿಂದ ಸಮನಾಗಿಯೇ ಹಿಂದೆ ತೆಗೆದುಕೊಳ್ಳುವುದೆಂದು ನಿಶ್ಚಯಿಸಿದ. ಅಪ್ಪ ಒಪ್ಪುತ್ತಿರಲಿಲ್ಲ. ಆದರೆ ಒಬ್ಬನನ್ನೇ ಬೆರಳು ಮಾಡಿ ತೋರಿಸಿದಂತಾಗುವುದಿಲ್ಲ ಎಂಬುದೊಂದು ಸಮಾಧಾನ.

ಮುಂದಿನ ರವಿವಾರ ಮೂವರೂ ಬಂದರು. ಇನ್ನೊಂದು ವಾರ ನೋಡಿ ಬಿಟ್ಟುಬಿಡುವುದೆಂದು ಕಸ್ತೂರಿಯೂ ಅಶ್ಫಾಕನೂ ತಮ್ಮೊಳಗೆ ಮಾತಾಡಿಕೊಂಡಿದ್ದು ಮುಖದಲ್ಲಿಯೇ ಕಾಣುತ್ತಿತ್ತು. ಅಂದಪ್ಪ ಗಂಟಲು ಸರಿಮಾಡಿಕೊಂಡ. ಗವಿಯ ಹೊಂಡ ಬತ್ತಿತು ಎಂದ. ದೇವಿ ನಿದ್ದೆಗೆ ಹೋದಳು, ಕೊಟ್ಟ ವರಗಳೆಲ್ಲ ಅವಳ ಜೊತೆಗೇ ಹೋದವು. ಚಿನ್ನವ್ವ ಎಲ್ಲರ ಕಣ್ಣಿಗೂ ಕಾಣುತ್ತಾಳೆ. ಗಾರುಡಿಗನ ಬೆಂಕಿ ದಿನಕ್ಕೊಮ್ಮೆ. ಬಂಡೆಪ್ಪನ ಹೆಸರು ಬಂದಾಗ ಮಾಸ್ತರನ ನಾಲಗೆ ತೊಡರಿತು. "ಬಂಡೆಪ್ಪನೂ... ಎಲ್ಲರಂಗನ."

"ಖರೇನ ತಗದ್ರೇನ್ರಿ ಸರ?" ಎಂದು ಕೇಳಿದ ಯಮನೂರ.

"ಬ್ಯಾಸರಾ ಮಾಡ್ಕೋಬ್ಯಾಡೋ. ಎಲ್ಲಾರದೂ ತಗದೇನಿ, ನಿನ್ನದೊಂದ ಅಲ್ಲ."

"ಬ್ಯಾಸರಾ ಎಲ್ಲೀದ್ರಿ?" ಯಮನೂರ ನೆಟ್ಟಗೆ ಕೂತ. ಬಾಯಿ ತೆರೆದ ಮೇಲೆ ಮಾತು ನಿಲ್ಲಲಿಲ್ಲ. "ಸರ, ಚಿನ್ನವ್ವಗ ಚೂರಿ ಹತ್ತಿದಾಗ ನೀವೆಲ್ಲಾ ಉಸರ ಹಿಡದ ಕುಂದರತಿದ್ರಿ. ಇವನ ಗಾರುಡಿಗಾ ಬಾವ್ಯಾಗ ಬಿದ್ದಾಗ ಜಯಶ್ರೀ ಅಕ್ಕಾರು ಸೈತ ಚಹಾ ಹಿಡಕೊಂಡ ಬಾಗಲದಾಗ ನಿಂತಿದ್ರು. ನನ್ನ ಬಂಡೆಪ್ಪನ ಮ್ಯಾಲ ನೂರ ಬಾಣ ಬಿದ್ರೂ ನೀವು ಚುರಮರಿ ತಿಂತೀರಿ. ಅವನ ಸಲುವಾಗಿ ಯಾರೂ ಅಂಜಂಗಿಲ್ಲ. ನಾ ಮನ್ಯಾಗೂ ಹಂಗ ಅದೀನ್ರಿ. ಎಲ್ಲಾರೂ ಎತ್ತಿ ಬದೀಗೆ ಇಟ್ಟಾರ."

ಅಂದಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಬುದ್ಧಿ ತನ್ನದು ಎನಿಸಿತು. ಆದರೂ ಒಳಗೊಳಗೆ ಒಂದು ಆಸೆ ಚಿಗುರಿತು. ಹುಡುಗ ಇಷ್ಟು ಮಾತಾಡಿ ಎಷ್ಟೋ ತಿಂಗಳಾಗಿತ್ತು.

"ನಡೀರಿ, ಆಡೋಣು," ಎಂದ ಅಶ್ಫಾಕ. ಅವನ ಮೊಬೈಲು ಜೇಬಿನೊಳಗೇ ಇತ್ತು.

ಅಂಥ ಆಟ ಆ ಮಹಡಿಯಲ್ಲಿ ಎಂದೂ ಆಗಿರಲಿಲ್ಲ. ಬದಾಮಿಯ ಅದೇ ಇಕ್ಕಟ್ಟು ಮೆಟ್ಟಿಲು. ಕೆಳಗಿನಿಂದ ವೈರಿಗಳು ಏರಿ ಬರುತ್ತಿದ್ದಾರೆ. ಗಾರುಡಿಗನ ಒಂದೇ ಬೆಂಕಿ ಮುಗಿದಿದೆ. ಚಿನ್ನವ್ವನ ಕಾಲು ಉಳುಕಿದೆ. ಯಾರಾದರೊಬ್ಬರು ಮೆಟ್ಟಿಲಲ್ಲಿ ನಿಂತು ತಡೆದರೆ ಉಳಿದಿಬ್ಬರು ಮೇಲಿನ ಬಾಗಿಲು ದಾಟಬಹುದು. "ನಾ ನಿಲ್ಲತೇನಿ," ಎಂದ ಯಮನೂರ. ಎಡಗೈಯಿಂದ ದಾಳ ಉರುಳಿಸಿದ. ಒಬ್ಬ ಬಿದ್ದ, ಇನ್ನೊಬ್ಬ ಬಿದ್ದ. ಬಂಡೆಪ್ಪನ ತೋಳಿಗೆ ಕತ್ತಿ ಬಿತ್ತು, ರಕ್ತ ಬಂತು. ಕಸ್ತೂರಿ "ಅಯ್ಯೋ ಶಿವನ" ಎಂದಾಗ ಯಮನೂರನ ಮುಖ ಅರಳಿದ್ದನ್ನು ಅಂದಪ್ಪ ಈ ಸಲ ನೋಡಿದ. ಜಯಶ್ರೀ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿಯೇ ನಿಂತಳು. ಕೊನೆಗೆ ವೈರಿಗಳ ನಾಯಕ ಬಂದ. ಅವನ ಭರ್ಚಿ ಬಂಡೆಪ್ಪನ ಪಕ್ಕೆಗೆ ಇಳಿಯಿತು.

ಸಾಯುವ ಗಳಿಗೆ. ದಾಳ ಅಂದಪ್ಪನದು.

ಅವನು ಮುಚ್ಚಳದ ಮರೆಯಲ್ಲಿ ದಾಳ ಬಿಟ್ಟ. ಅದು ರಟ್ಟಿಗೆ ತಾಗಿ, ತಿರುಗಿ ನಿಂತಿತು. ಮೂರು.

ಅಂದಪ್ಪ ತಲೆ ಎತ್ತಿದ. ಎದುರಿಗೆ ಮೂರು ಮುಖ, ಬಾಗಿಲಲ್ಲಿ ಹೆಂಡತಿಯ ಮುಖ, ಜಮಖಾನೆಯ ಮೇಲೆ ಯಮನೂರನ ಬಲಗೈ. ಟಾವೆಲ್ಲು ಬಿಚ್ಚಿ ಬಿದ್ದಿತ್ತು, ಹುಡುಗ ಅದನ್ನು ಮರೆತೇಬಿಟ್ಟಿದ್ದ. ಉಳಿದ ಎರಡು ಬೆರಳು ಜಮಖಾನೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದವು. ಇವನನ್ನು ನಾನು ಹೇಗೆ ಕೊಲ್ಲಲಿ? ಇವತ್ತೇ ಮಾತು ಬಂದಿದೆ, ಇವತ್ತೇ ಹೆಣ ಮಾಡಿ ಕಳಿಸಲೆ? ಇಂದ್ರವ್ವನಿಗೆ ಏನು ಹೇಳಲಿ? ಇದೊಂದು ಸಲ, ಇದೊಂದೇ ಸಲ ಎಂದಿತು ಮನಸ್ಸು. ನೀಡುವ ಕೈಗೆ ಯಾವತ್ತಿಗೂ ಇದೊಂದೇ ಸಲ.

"ಹದಿನೈದು," ಎಂದ.

ಅಶ್ಫಾಕ ಹಾರಿ ಎದ್ದ. ಕಸ್ತೂರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಾ ನಕ್ಕಳು. ಯಮನೂರ ನಕ್ಕ. ಬಾಯಿತುಂಬ, ಹಲ್ಲೆಲ್ಲ ಕಾಣುವಂತೆ, ಬದಾಮಿಯಲ್ಲಿ ಮಂಗ ಭಜಿ ಒಯ್ದಾಗ ನಕ್ಕಂತೆ ನಕ್ಕ. "ಬದುಕಿದ್ನಲೇ!" ಎಂದು ಅಶ್ಫಾಕನ ತೊಡೆಗೆ ಹೊಡೆದ. ಆ ನಗು ಅಲ್ಲಿಗೇ ನಿಂತಿದ್ದರೆ ಅಂದಪ್ಪ ಜನ್ಮವಿಡೀ ಆ ಸುಳ್ಳನ್ನು ಪುಣ್ಯದ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದ.

ಆದರೆ ಸುಳ್ಳು ಹೇಳಿ ರೂಢಿಯಿಲ್ಲದ ಮಾಸ್ತರ ದಾಳವನ್ನು ಅಲ್ಲಿಯೇ ಬಿಟ್ಟು ಅದರ ಮೇಲೆ ಕೈ ಮುಚ್ಚಿಕೊಂಡು ಕೂತಿದ್ದ. ಯಮನೂರ ಅವನ ಮುಖ ನೋಡಿದ. ಆಮೇಲೆ ಮುಚ್ಚಳದಾಚೆ ಆ ಕೈ ನೋಡಿದ. ನಗು ಇನ್ನೂ ತುಟಿಯ ಮೇಲಿರುವಾಗಲೇ ಎಡಗೈ ಚಾಚಿ, ಗುರುವಿನ ಕೈಯನ್ನು ಮೆಲ್ಲಗೆ ಸರಿಸಿದ.

"ಮೂರ ಐತಲ್ರಿ ಸರ."

ಕಸ್ತೂರಿ ಮುಖದಿಂದ ಕೈ ತೆಗೆದಳು. ಅಂದಪ್ಪ ಏನೋ ಹೇಳಲು ಹೋದ. "ಯಮನೂರಾ, ನಾ ಏನಂದ್ರ, ಇವತ್ತ ಒಂದ ದಿನ..."

"ಸತ್ತಿದ್ರ ಛಲೋ ಇತ್ರಿ," ಎಂದ ಯಮನೂರ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು. "ಅಳತಿದ್ದಿವಿ. ಇನ್ನೊಬ್ಬನ್ನ ಮಾಡ್ಕೊಂಡ ಬರತಿದ್ನಿ ಮುಂದಿನ ವಾರ. ಹೆಸರ ಸೈತ ಹುಡುಕಿ ಇಟ್ಟಿದ್ನಿ. ಈಗ ಯಾರನ್ನ ಮಾಡ್ಕೊಂಡ ಬಂದ್ರೂ ಅಂವ ಸಾಯಂಗಿಲ್ಲಲ್ರಿ."

ಟಾವೆಲ್ಲು ಎತ್ತಿಕೊಂಡು ಕೈಗೆ ಸುತ್ತಿಕೊಂಡ. ಜಯಶ್ರೀಗೆ "ಬರ್ತೇನ್ರಿ ಅಕ್ಕಾರ" ಎಂದು ಹೇಳಿ, ಅವಳ ಕೈಯ ಚಹಾ ಕುಡಿಯದೆ ಮೆಟ್ಟಿಲಿಳಿದ. ಅಶ್ಫಾಕ ಹಿಂದೆ ಓಡಿದ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಒಬ್ಬನೇ ತಿರುಗಿ ಬಂದ.

ಮುಂದಿನ ರವಿವಾರ ಕಸ್ತೂರಿಯೂ ಅಶ್ಫಾಕನೂ ಬಂದರು. ಮೂವರೂ ಜಮಖಾನೆ ಹಾಸಿ ಕೂತು, ಮೆಟ್ಟಿಲ ಸಪ್ಪಳಕ್ಕೆ ಕಿವಿಕೊಟ್ಟು, ಚಹಾ ಕುಡಿದು ಎದ್ದರು. ಆಮೇಲಿನ ವಾರ ಅಶ್ಫಾಕನೊಬ್ಬನೇ ಬಂದ. ಅದರ ಮುಂದಿನ ವಾರ ಜಯಶ್ರೀ ಜಮಖಾನೆಯನ್ನು ಬಿಸಿಲಿಗೆ ಹಾಕಿದಳು, ಸಂಜೆ ತೆಗೆದು ಮಡಚಿ ಅಟ್ಟಕ್ಕೆ ಇಟ್ಟಳು. ಅಂದಪ್ಪ ನೋಡುತ್ತ ಕೂತಿದ್ದ, ಬೇಡವೆನ್ನಲಿಲ್ಲ.

ಕೊನೆಗೆ ತಡೆಯಲಾರದೆ ಒಂದು ದಿನ ಇಳಕಲ್ಲಿಗೆ ಹೋದ. ಮುಂಜಾನೆ ಮನೆಯಲ್ಲಿ ಏನೂ ತಿಂದಿರಲಿಲ್ಲ, ತಿನ್ನಲು ಆಗಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ. ತಪ್ಪಾಯಿತು ಎನ್ನಬೇಕು. ಇನ್ನು ಮುಂದೆ ದಾಳವನ್ನು ಎಲ್ಲರೆದುರಿಗೆ ಉರುಳಿಸುತ್ತೇನೆ ಎನ್ನಬೇಕು. ಬಂಡೆಪ್ಪ ಸತ್ತ, ನಾನೇ ಕೊಂದೆ, ಆ ಹೊಸ ಹೆಸರು ಯಾವುದು ಹೇಳು ಎನ್ನಬೇಕು.

ಯಮನೂರ ಬನೀನಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮಾಸ್ತರನನ್ನು ಕಂಡು ಎದ್ದು ನಿಂತ, ಚಾಪೆ ಹಾಸಿದ, ನೀರು ತಂದುಕೊಟ್ಟ. ಮರ್ಯಾದೆಯಲ್ಲಿ ಕೂದಲೆಳೆಯಷ್ಟೂ ಕೊರತೆಯಿಲ್ಲ. ಅಂದಪ್ಪ ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದ, ಹಿಂದು ಮುಂದಾಗಿ, ತಡವರಿಸಿ.

"ಆಗಲ್ರಿ ಸರ," ಎಂದ ಯಮನೂರ.

"ಹಂಗಾದ್ರ ರವಿವಾರ ಬರ್ತೀ?"

"ನೋಡೋಣ್ರಿ."

ನಮ್ಮ ಕಡೆ 'ನೋಡೋಣ್ರಿ' ಎಂದರೆ ಇಲ್ಲ ಎಂದೇ ಅರ್ಥ. ಅದು ಮಾಸ್ತರನಿಗೂ ಗೊತ್ತು.

"ಊಟಾ ಮಾಡಿ ಹೋಗ್ರಿ ಸರ," ಎಂದು ಇಂದ್ರವ್ವ ಬಿಡಲಿಲ್ಲ. ಒಲೆಯ ಮುಂದಿನಿಂದ ಬಿಸಿ ರೊಟ್ಟಿ, ಹೆಸರಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ತಂದಿಟ್ಟಳು. ಅವಳ ಮುಖದಲ್ಲಿ ಬೈಗುಳವೇನೂ ಇರಲಿಲ್ಲ. ಮಗನ ಅಂಗಿ ಗೂಟಕ್ಕೆ ನೇತುಬಿದ್ದಿತ್ತು, ಅದರ ಭುಜದ ಮೇಲೆ ಧೂಳಿತ್ತು. ಅಂದಪ್ಪ ತಲೆ ತಗ್ಗಿಸಿ ಉಂಡ. ರೊಟ್ಟಿ ಬಾಯಿಗೆ ಬಿದ್ದ ಮೇಲೆ ತನಗೆ ಎಷ್ಟು ಹಸಿವಾಗಿತ್ತೆಂಬುದು ತಿಳಿಯಿತು. ಒಂದು ರೊಟ್ಟಿ ಮುಗಿಯುವುದರೊಳಗೆ ಇಂದ್ರವ್ವ ಇನ್ನೊಂದನ್ನು ಹಿಡಿದು ಬಂದಳು.

"ಸಾಕವ್ವಾ," ಎಂದು ರೂಢಿಯಂತೆ ತಾಟಿಗೆ ಕೈ ಅಡ್ಡ ಹಿಡಿದ ಅಂದಪ್ಪ.

ಇಂದ್ರವ್ವ ಆ ಕೈ ಸರಿಸಿ ನೀಡಲು ಬಾಗಿದಳು. ಅವಳದೂ ಅದೇ ರೂಢಿ.

"ಬಿಡಬೇ," ಎಂದ ಯಮನೂರ, ಗೋಡೆಯ ಕಡೆಯಿಂದ. "ಸಾಕಂದ್ರಲ್ಲ ಅವರು. ಒತ್ತಾಯ ಮಾಡಬ್ಯಾಡ."

ಇಂದ್ರವ್ವ ಮಗನನ್ನೂ ಮಾಸ್ತರನನ್ನೂ ನೋಡಿ, ರೊಟ್ಟಿಯನ್ನು ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದಳು. ಅಂದಪ್ಪ ಸ್ವಲ್ಪ ಹೊತ್ತು ಹಾಗೆಯೇ ತಾಟಿನ ಮೇಲೆ ಕೈ ಹಿಡಿದುಕೊಂಡು ಕೂತಿದ್ದ. ಆಮೇಲೆ ಎದ್ದು ಕೈ ತೊಳೆದುಕೊಂಡು, ಹಸಿದ ಹೊಟ್ಟೆಯಲ್ಲಿಯೇ ಹುನಗುಂದದ ಬಸ್ಸು ಹತ್ತಿದ.